ಮಾಡಿನ ಮೇಲೆ ಪ್ಯಾನೆಲ್, ಮೂಲೆಯಲ್ಲಿ ಬ್ಯಾಟರಿ

ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಶರಾವತಿಯ ಕರೆಂಟು ತಂತಿ ಹಿಡಿದು ಬೆಂಗಳೂರಿನವರೆಗೂ ಹೋಯಿತು. ಹಿನ್ನೀರಿನ ಆಚೆಯ ಎಷ್ಟೋ ಊರುಗಳಲ್ಲಿ, ಘಟ್ಟದ ಅಂಚಿನ ಒಂಟಿ ಮನೆಗಳಲ್ಲಿ ಮಾತ್ರ ಮುಂದೆ ಮೂವತ್ತು ವರ್ಷ ಕಳೆದರೂ ಚಿಮಣಿ ಬುಡ್ಡಿಯೇ ಗತಿ. ತೋಟಕ್ಕೊಂದು ಮನೆ, ಮನೆಯಿಂದ ಮನೆಗೆ ಒಂದು ಗುಡ್ಡ. ಒಂದು ಮನೆಗೋಸ್ಕರ ಕಾಡಿನೊಳಗೆ ಕಂಬ ನೆಟ್ಟು ಲೈನ್ ಎಳೆಯುವುದು ಯಾರಿಗೂ ಗಿಟ್ಟುವ ಕೆಲಸವಾಗಿರಲಿಲ್ಲ. ಎಳೆದರೂ ಮೊದಲ ಗಾಳಿಮಳೆಗೆ ಮರ ಬಿದ್ದು ತಂತಿ ನೆಲಕ್ಕೆ.

ಅಂಥ ಮನೆಗಳಿಗೆ ಸೋಲಾರ್ ಕೂರಿಸುವ ಕೆಲಸಕ್ಕೆ ನಾನು ಸೇರಿದ್ದು ತೊಂಬತ್ತರ ದಶಕದ ಕೊನೆಯಲ್ಲಿ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ. ಸೋಲಾರ್ ಎಂದ ಕೂಡಲೇ ಎಲ್ಲರೂ ಮಾಡಿನ ಕಡೆ ಕೈ ತೋರಿಸುತ್ತಾರೆ. ಇಷ್ಟು ವರ್ಷ ಸ್ಪ್ಯಾನರ್ ಹಿಡಿದ ಮೇಲೆ ನನಗೆ ಅನ್ನಿಸಿದ್ದು ಬೇರೆ: ಮಲೆನಾಡಿನ ಸೋಲಾರಿನ ಕಥೆ ನಡೆದದ್ದು ಮೂಲೆಯಲ್ಲಿಟ್ಟ ಬ್ಯಾಟರಿಯ ಸುತ್ತ.

ಪ್ಯಾನೆಲ್ಲಿನದು ದೊಡ್ಡ ವಂಶ, ನಿಜ. ಅಮೆರಿಕದ ಬೆಲ್ ಲ್ಯಾಬ್ಸ್‌ನ ಚಾಪಿನ್, ಫುಲ್ಲರ್, ಪಿಯರ್ಸನ್ ಎಂಬ ಮೂವರು 1954ರಲ್ಲಿ ಸಿಲಿಕಾನ್ ಬಿಲ್ಲೆಗಳಿಂದ ಬಿಸಿಲನ್ನು ಕರೆಂಟು ಮಾಡಿ ತೋರಿಸಿದರು. ಬಿದ್ದ ಬಿಸಿಲಿನಲ್ಲಿ ಕರೆಂಟಾದದ್ದು ನೂರಕ್ಕೆ ಸುಮಾರು ಆರು ಪಾಲು. ಮೊದಮೊದಲು ಅದು ಉಪಗ್ರಹಗಳಿಗಷ್ಟೇ ಎಟುಕುವ ವಸ್ತು. 1989ರಲ್ಲಿ ಬೆಂಗಳೂರಿನಲ್ಲಿ ಟಾಟಾ ಬಿಪಿ ಸೋಲಾರ್ ಶುರುವಾದ ಮೇಲೆ ಪ್ಯಾನೆಲ್ ನಮ್ಮ ಕೈಗೆ ಸಿಗುವ ಹತ್ತಿರಕ್ಕೆ ಬಂತು. 1995ರಲ್ಲಿ ಹರೀಶ್ ಹಂದೆ ಮತ್ತು ನೆವಿಲ್ ವಿಲಿಯಮ್ಸ್ ಸೆಲ್ಕೋ ಎಂಬ ಸೋಲಾರ್ ಕಂಪನಿ ಕಟ್ಟಿದರು. ಆಮೇಲೆ ಕರಾವಳಿ, ಮಲೆನಾಡಿನ ಅಡಿಕೆ ತೋಟದ ಮನೆಗಳಲ್ಲಿ ನಾಲ್ಕು ದೀಪದ ಸೆಟ್ಟು ಕಾಣತೊಡಗಿತು.

ಆ ಸೆಟ್ಟಿನ ಪ್ಯಾನೆಲ್ 35ರಿಂದ 40 ವ್ಯಾಟಿನದು. ಅದರಲ್ಲಿ 36 ಬಿಲ್ಲೆಗಳು. ಒಂದೊಂದು ಬಿಲ್ಲೆ ಕೊಡುವುದು ಸುಮಾರು ಅರ್ಧ ವೋಲ್ಟ್. ಎಲ್ಲವನ್ನೂ ಸಾಲಾಗಿ ಜೋಡಿಸಿದರೆ 18ರ ಆಸುಪಾಸು. 12 ವೋಲ್ಟಿನ ಬ್ಯಾಟರಿಗೆ 18 ಯಾಕೆಂದು ಮನೆಯವರು ಕೇಳುತ್ತಿದ್ದರು. ಬ್ಯಾಟರಿ ತುಂಬಬೇಕಾದರೆ ಹದಿನಾಲ್ಕಕ್ಕಿಂತ ಮೇಲೆ ಒತ್ತಬೇಕು, ಬಿಸಿಲಿಗೆ ಪ್ಯಾನೆಲ್ ಕಾದಂತೆ ವೋಲ್ಟೇಜ್ ಇಳಿಯುತ್ತದೆ, ವೈರಿನಲ್ಲೂ ಒಂದಿಷ್ಟು ಸೋರುತ್ತದೆ. ಇವೆಲ್ಲ ಕಳೆದು ಉಳಿಯುವಷ್ಟಿರಲಿ ಎಂದೇ 36. ಸಾಲು ಜೋಡಣೆಯಾದ್ದರಿಂದ ಒಂದು ತೊಂದರೆಯೂ ಇತ್ತು. ಒಂದೇ ಅಡಿಕೆ ಸೋಗೆಯ ನೆರಳು ಎರಡು ಬಿಲ್ಲೆಯ ಮೇಲೆ ಬಿದ್ದರೂ ಪ್ಯಾನೆಲ್ಲಿನ ಅರ್ಧದಷ್ಟು ಉತ್ಪತ್ತಿ ನಿಂತುಹೋಗುತ್ತಿತ್ತು. ತೋಟದ ನಡುವಿನ ಮನೆಯಲ್ಲಿ ನೆರಳಿಲ್ಲದ ಜಾಗ ಹುಡುಕುವುದೇ ಅರ್ಧ ದಿನದ ಕೆಲಸ. ಎಷ್ಟೋ ಕಡೆ ಹಂಚಿನ ಮಾಡು ಬಿಟ್ಟು, ಅಂಗಳದಲ್ಲಿ ಅಡಿಕೆ ಒಣಗಿಸುವ ಅಟ್ಟದ ಪಕ್ಕ ಕಬ್ಬಿಣದ ಕಂಬ ನೆಟ್ಟು ಅದರ ತುದಿಗೆ ಕೂರಿಸಿದ್ದೇವೆ. ಮುಖ ದಕ್ಷಿಣಕ್ಕೆ, ಓರೆ ಸುಮಾರು 15 ಡಿಗ್ರಿ. ಹೀಗೆ ಸರಿಯಾಗಿ ಕೂರಿಸಿದ ಪ್ಯಾನೆಲ್ಲಿಗೆ ಒರೆಸುವುದು ಬಿಟ್ಟರೆ ಬೇರೆ ಸೇವೆ ಬೇಕಿಲ್ಲ.

ಬ್ಯಾಟರಿ ಹಾಗಲ್ಲ. ಅದಕ್ಕೆ ದಿನವೂ ಕೆಲಸ: ಹಗಲು ತುಂಬಬೇಕು, ರಾತ್ರಿ ಬರಿದಾಗಬೇಕು. ಆಷಾಢದಲ್ಲಿ ಮೂರು ದಿನ ಸೂರ್ಯ ಕಾಣದಿದ್ದರೂ ದೀಪ ಹತ್ತಬೇಕು. ಇದಕ್ಕೆ ಟ್ಯೂಬ್ಯುಲರ್ ಬ್ಯಾಟರಿಯೇ ಆಗಬೇಕು. ಅದರೊಳಗಿನ ಸೀಸ ಕೊಳವೆಗಳಲ್ಲಿ ಭದ್ರವಾಗಿ ಕೂತಿರುತ್ತದೆ, ದಿನವೂ ತುಂಬಿ ಬರಿದಾದರೂ ಬೇಗ ಉದುರುವುದಿಲ್ಲ. ಹಳೇ ಬ್ಯಾಟರಿ ಸತ್ತಾಗ ಕೆಲವರು ಪೇಟೆಯಿಂದ ಟ್ರ್ಯಾಕ್ಟರಿನ ಬ್ಯಾಟರಿ ತಂದು ಹಾಕುತ್ತಿದ್ದರು, ದರ ಕಡಿಮೆ ಎಂದು. ಅದರ ಪ್ಲೇಟು ತೆಳು; ಇಂಜಿನ್ ಎಬ್ಬಿಸಲು ಕ್ಷಣಕಾಲ ಜೋರಾಗಿ ಕರೆಂಟು ಕೊಡುವುದಕ್ಕೆಂದು ಮಾಡಿದ್ದು. ದಿನವೂ ಆಳಕ್ಕೆ ಬರಿದು ಮಾಡಿದರೆ ಬೇಗ ಕೈಕೊಡುತ್ತಿತ್ತು. ಊರೆಲ್ಲ ಹರಡುತ್ತಿದ್ದ ಮಾತು ಮಾತ್ರ 'ಸೋಲಾರ್ ಬಾಳಿಕೆ ಬರೋದಿಲ್ಲ' ಎಂದು. ಪ್ಯಾನೆಲ್ ಮೇಲೆ ಗಟ್ಟಿಯಾಗಿಯೇ ಇರುತ್ತಿತ್ತು.

ಬ್ಯಾಟರಿಯನ್ನು ಕಾಯಲೆಂದೇ ಇದ್ದದ್ದು ಗೋಡೆಯ ಮೇಲಿನ ಪುಟ್ಟ ಡಬ್ಬಿ, ಚಾರ್ಜ್ ಕಂಟ್ರೋಲರ್. ಬ್ಯಾಟರಿ ತುಂಬಿದರೆ ಪ್ಯಾನೆಲ್ಲಿನಿಂದ ಬರುವುದನ್ನು ತಡೆಯುತ್ತದೆ, ತೀರಾ ಇಳಿದರೆ ದೀಪದ ಲೈನ್ ಕತ್ತರಿಸುತ್ತದೆ. ಅದರ ಹಸಿರು, ಕೆಂಪು ದೀಪಗಳನ್ನು ಪಂಚಾಂಗದಷ್ಟೇ ನಿಷ್ಠೆಯಿಂದ ನೋಡುತ್ತಿದ್ದ ಹೆಂಗಸರಿದ್ದರು. ಯಲ್ಲಾಪುರದ ಕಡೆಯ ಒಂದು ಮನೆಗೆ ಸರ್ವಿಸಿಗೆ ಹೋದಾಗ ಮನೆಯ ಅಮ್ಮ ಹೇಳಿದ್ದರು: "ತಮಾ, ಇವತ್ತು ಹಸ್ರು ದೀಪ ಬಂಜಿಲ್ಲೆ. ಟಿವಿ ಇಲ್ಲೆ ಹೇಳಿ ಮಕ್ಕಳಿಗೆ ಆಗ್ಲೇ ಹೇಳಿದ್ದಿ." ಆ ಮನೆಯ ಬ್ಯಾಟರಿಗೆ ಹೈಡ್ರೋಮೀಟರ್ ಇಳಿಬಿಟ್ಟರೆ ಆರೂ ಮುಚ್ಚಳದಲ್ಲಿ ತೇಲು 1240ರ ಗೆರೆಗೆ ನಿಲ್ಲುತ್ತಿತ್ತು. ಡಿಸ್ಟಿಲ್ಡ್ ವಾಟರ್ ಕ್ಯಾನು ಪಕ್ಕದಲ್ಲೇ, ತುದಿಗಳಿಗೆ ಪೆಟ್ರೋಲಿಯಂ ಜೆಲ್ಲಿ ಸವರಿದ್ದು. ಇನ್ನು ಕೆಲವು ಮನೆಗಳಲ್ಲಿ ಕ್ರಿಕೆಟ್ ಮ್ಯಾಚಿನ ದಿನ ಕಂಟ್ರೋಲರ್ ತಪ್ಪಿಸಿ ಟಿವಿಯ ವೈರನ್ನು ನೇರ ಬ್ಯಾಟರಿಗೆ ಸಿಕ್ಕಿಸುತ್ತಿದ್ದರು. ಅಂಥ ಬ್ಯಾಟರಿಗಳನ್ನು ನಾವು ಹೊತ್ತು ತರುತ್ತಿದ್ದೆವು.

ವೈರಿನದೂ ಒಂದು ಪಾಠ. 12 ವೋಲ್ಟಿನಲ್ಲಿ ದೂರ ಅಂದರೆ ನಷ್ಟ. ಕೊಟ್ಟಿಗೆಗೆ 15 ಮೀಟರ್ ದೂರ ಒಂದು ಚದರ ಮಿಲಿಮೀಟರಿನ ತಾಮ್ರದ ವೈರು ಎಳೆದು, 11 ವ್ಯಾಟಿನ ನಾಲ್ಕು ದೀಪ ತೂಗಿದರೆ ಸುಮಾರು ಒಂದೂಮುಕ್ಕಾಲು ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತದೆ. ದಪ್ಪ ವೈರಿಗೆ ಕೊಟ್ಟ ಕಾಸು ವ್ಯರ್ಥವಲ್ಲ ಎಂದು ಮನೆ ಯಜಮಾನರನ್ನು ಒಪ್ಪಿಸುವುದೂ ನಮ್ಮ ಕೆಲಸದ ಭಾಗವೇ ಆಗಿತ್ತು.

ಸೆಟ್ಟಿನ ಬೆಲೆ ಹದಿನೈದು ಸಾವಿರ ದಾಟುತ್ತಿತ್ತು. ಆ ಕಾಲಕ್ಕೆ ಎರಡೆಕರೆ ತೋಟದವರಿಗೂ ಅದು ಭಾರವೇ. ಹಾಗಾಗಿ ಬ್ಯಾಂಕನ್ನೂ ಸೆಟ್ಟಿನ ಒಂದು ಭಾಗವೆಂದೇ ನಾನು ಎಣಿಸುವುದು. ಗ್ರಾಮೀಣ ಬ್ಯಾಂಕುಗಳು, ಸಿಂಡಿಕೇಟ್ ಬ್ಯಾಂಕು ದೀಪಕ್ಕೂ ಸಾಲ ಕೊಡಬಹುದೆಂದು ಒಪ್ಪಿದ್ದರಿಂದಲೇ ಇದು ಹಳ್ಳಿ ಮುಟ್ಟಿತು. 2003ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ ಕೆನರಾ ಮತ್ತು ಸಿಂಡಿಕೇಟ್ ಬ್ಯಾಂಕುಗಳ ಮೂಲಕ ಬಡ್ಡಿಯ ಒಂದು ಪಾಲು ಹೊತ್ತ ಮೇಲೆ ಸಾಲ ಇನ್ನಷ್ಟು ಸಲೀಸಾಯಿತು. ಅಡಿಕೆ ಕೊಯ್ಲು ಮುಗಿದು ಕೈಯಲ್ಲಿ ದುಡ್ಡು ಓಡಾಡುವ ಹೊತ್ತಿಗೆ ಕಂತು ಬರುವಂತೆ ಹೊಂದಿಸಿದ ಮ್ಯಾನೇಜರುಗಳನ್ನು ಕಂಡಿದ್ದೇನೆ. ಅವರ ಹೆಸರು ಯಾವ ಫಲಕದಲ್ಲೂ ಇಲ್ಲ.

ಈಗ ಲೈನ್ ಬಹುಪಾಲು ಮನೆ ಮುಟ್ಟಿದೆ. 2024ರಲ್ಲಿ ಬಂದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟಿಗೆ 78,000 ರೂಪಾಯಿ ಸಬ್ಸಿಡಿ ಇದೆ, ಜನ ಹಾಕಿಸುತ್ತಿದ್ದಾರೆ, ಒಳ್ಳೆಯದೇ. ಆದರೆ ಗ್ರಿಡ್ಡಿಗೆ ಜೋಡಿಸುವ ಆ ಸೆಟ್ಟಿಗೆ ಸಾಮಾನ್ಯವಾಗಿ ಬ್ಯಾಟರಿ ಇರುವುದಿಲ್ಲ. ಕಂಬದ ಕರೆಂಟು ಹೋದ ಕೂಡಲೇ ಅದರ ಇನ್ವರ್ಟರ್ ತಾನಾಗಿ ನಿಲ್ಲುತ್ತದೆ. ಲೈನ್‌ಮ್ಯಾನ್ ಕೆಲಸ ಮಾಡುವಾಗ ತಂತಿಗೆ ಕರೆಂಟು ಹರಿಯಬಾರದೆಂಬ ಕಾರಣಕ್ಕೆ. ಮಲೆನಾಡಿನಲ್ಲಿ ಮಳೆಗಾಲವೆಂದರೆ ಕರೆಂಟಿಲ್ಲದ ರಾತ್ರಿಗಳೇ ಹೆಚ್ಚು. ಹೊಸದು ಹಾಕಿಸುವವರಲ್ಲಿ ನನ್ನದೊಂದೇ ವಿನಂತಿ: ಲೈನ್ ಹೋದಾಗ ದೀಪ ಹತ್ತುತ್ತದೆಯೇ ಎಂದು ಕೇಳಿಯೇ ಸಹಿ ಹಾಕಿ. ಹಳೇ 12 ವೋಲ್ಟಿನ ಸೆಟ್ಟು ಮನೆಯಲ್ಲಿದ್ದರೆ ಗುಜರಿಗೆ ಹಾಕಬೇಡಿ. ಪ್ಯಾನೆಲ್ ಒರೆಸಿ, ಒಳ್ಳೆಯ ಟ್ಯೂಬ್ಯುಲರ್ ಬ್ಯಾಟರಿಯೊಂದನ್ನು ತಂದು ಕೂರಿಸಿ. ಸತ್ತ ಬ್ಯಾಟರಿಯನ್ನು, ಅದರ ಆಸಿಡ್ಡನ್ನು ತೋಟಕ್ಕೆ ಚೆಲ್ಲದೆ, ಅಂಗಡಿಗೇ ವಾಪಸ್ ಕೊಡಿ.