ದುಡಿಮೆಯಿಂದ ಬಂದ ಹಿತ: ಕ್ಲೋಸ್ಡ್‌-ಬ್ಯಾಕ್‌ ಹೆಡ್‌ಫೋನಿನ ಇತಿಹಾಸ

ಹೆಡ್‌ಫೋನು ಇಂದು ಸಂಗೀತ ಕೇಳುವ ಸಾಧನವೆಂದೇ ಮನೆಮಾತಾಗಿದ್ದರೂ, ಹುಟ್ಟಿದ ಮೇಲೆ ಹಲವು ದಶಕಗಳ ಕಾಲ ಅದು ಮುಖ್ಯವಾಗಿ ದುಡಿಯುವವರ ಸಲಕರಣೆಯಾಗಿತ್ತು. ಟೆಲಿಫೋನ್‌ ಆಪರೇಟರುಗಳು, ನೌಕಾಪಡೆಯ ರೇಡಿಯೋ ಸಿಬ್ಬಂದಿ ಮತ್ತು ಧ್ವನಿಮುದ್ರಣ ಸ್ಟುಡಿಯೋಗಳ ತಂತ್ರಜ್ಞರು ಗಂಟೆಗಟ್ಟಲೆ ಅದನ್ನು ತಲೆಯ ಮೇಲೆ ಹೊತ್ತುದರಿಂದಲೇ ಅದರ ತೂಕ, ಬಿಗಿ ಮತ್ತು ಮೆತ್ತೆಗಳು ಹಂತಹಂತವಾಗಿ ಹದಗೊಂಡವು. ಮಧ್ಯಮ ಬೆಲೆಯಲ್ಲಿ ಹಿತವಾದ ಹೆಡ್‌ಫೋನು ದೊರೆಯಲು ಈ ದುಡಿಮೆಯ ಪರಂಪರೆಯೇ ದೊಡ್ಡ ಕಾರಣ.

1880ರ ದಶಕದಲ್ಲಿ ಅಮೆರಿಕದ ಎಜ್ರಾ ಗಿಲ್ಲಿಲ್ಯಾಂಡ್‌ ಟೆಲಿಫೋನ್‌ ವಿನಿಮಯ ಕೇಂದ್ರಗಳಿಗಾಗಿ ರೂಪಿಸಿದ ಸಾಧನದಲ್ಲಿ ಒಂದೇ ಕಿವಿಗೆ ಶ್ರವಣಭಾಗವಿತ್ತು, ಮತ್ತು ಅದರ ಭಾರವನ್ನೆಲ್ಲ ಆಪರೇಟರರ ಹೆಗಲೇ ಹೊರಬೇಕಾಗಿತ್ತು. ಲಂಡನ್ನಿನಲ್ಲಿ 1895ರಲ್ಲಿ ಆರಂಭವಾದ ಎಲೆಕ್ಟ್ರೋಫೋನ್‌ ಸೇವೆ ನಾಟಕಶಾಲೆಗಳ ಕಾರ್ಯಕ್ರಮಗಳನ್ನು ಟೆಲಿಫೋನ್‌ ತಂತಿಯ ಮೂಲಕ ಚಂದಾದಾರರ ಮನೆಗೆ ತಲುಪಿಸಿತು. ಅದರ ಶ್ರವಣಸಾಧನ ವೈದ್ಯರ ಸ್ಟೆತಸ್ಕೋಪಿನಂತೆ ಗಲ್ಲದ ಕೆಳಗೆ ಜೋಡಿಸಿದ್ದಾಗಿದ್ದು, ಕೇಳುವವರು ಅದನ್ನು ಕೈಯಲ್ಲಿ ಹಿಡಿದುಕೊಳ್ಳಬೇಕಿತ್ತು. ಮನರಂಜನೆಗಾಗಿ ಸ್ವಲ್ಪ ಹೊತ್ತು ಕೇಳುವವರು ಸಹಿಸಬಹುದಾಗಿದ್ದ ಈ ಅನನುಕೂಲ ಪಾಳಿಯ ಕೆಲಸದವರಿಗೆ ಸಲ್ಲುವಂಥದ್ದಾಗಿರಲಿಲ್ಲ.

ಎರಡೂ ಕಿವಿಗಳ ಶ್ರವಣಭಾಗಗಳ ಭಾರವನ್ನು ನೆತ್ತಿಗೆ ಒಪ್ಪಿಸಿದ ಸಮರ್ಥ ವಿನ್ಯಾಸ 1910ರಲ್ಲಿ ಬಂದಿತು. ಅಮೆರಿಕದ ಯೂಟಾ ರಾಜ್ಯದ ನಥೇನಿಯಲ್‌ ಬಾಲ್ಡ್ವಿನ್‌ ತನ್ನ ಅಡುಗೆಮನೆಯಲ್ಲಿ ತಯಾರಿಸಿದ ಜೋಡಿಯನ್ನು ನೌಕಾಪಡೆಗೆ ಪರೀಕ್ಷೆಗೆ ಕಳುಹಿಸಿದಾಗ, ಕ್ಷೀಣವಾದ ರೇಡಿಯೋ ಸಂಕೇತಗಳನ್ನೂ ಗ್ರಹಿಸುವ ಅದರ ಶಕ್ತಿಯನ್ನು ಅಲ್ಲಿನವರು ಮೆಚ್ಚಿ ಬೇಡಿಕೆ ಸಲ್ಲಿಸಿದರು. ತಲೆಪಟ್ಟಿ ಸುಖಕರವಾಗಿಲ್ಲವೆಂಬ ದೂರಿಗೆ ಬಾಲ್ಡ್ವಿನ್‌ ನೀಡಿದ ಪರಿಹಾರ ಸರಳವಾಗಿತ್ತು: ಚರ್ಮ ಸುತ್ತಿದ ಎರಡು ತಂತಿಸರಳುಗಳು ತಲೆಯ ಮೇಲೆ ಕಮಾನಿನಂತೆ ಬಾಗಿ, ಅವುಗಳ ತುದಿಯಲ್ಲಿ ಶ್ರವಣಭಾಗಗಳು ಮೇಲೆ ಕೆಳಗೆ ಜಾರುತ್ತಿದ್ದವು. ತಲೆಯ ಅಳತೆಗೆ ತಕ್ಕಂತೆ ಹೆಡ್‌ಬ್ಯಾಂಡನ್ನು ಹೊಂದಿಸಿಕೊಳ್ಳುವ ಇಂದಿನ ವ್ಯವಸ್ಥೆಯ ಮೂಲ ತತ್ವ ಇದೇ. ಆದರೂ ಶ್ರವಣಭಾಗಗಳು ಕಿವಿಯ ಹಾಲೆಯನ್ನೇ ಒತ್ತುತ್ತಿದ್ದುದರಿಂದ ನೋವಿನ ಸಮಸ್ಯೆ ಉಳಿದೇ ಇತ್ತು.

ಧ್ವನಿಯ ಗುಣಮಟ್ಟ ಸುಧಾರಿಸಿದ್ದು ಡೈನಮಿಕ್‌ ತಂತ್ರದಿಂದ, ಅಂದರೆ ಅಯಸ್ಕಾಂತದ ನಡುವೆ ಸುರುಳಿಯೊಂದು ಚಲಿಸಿ ಪೊರೆಯನ್ನು ಕಂಪಿಸುವಂತೆ ಮಾಡುವ ವಿಧಾನದಿಂದ. ಬರ್ಲಿನ್ನಿನ ಬೇಯರ್‌ ಸಂಸ್ಥೆ 1937ರಲ್ಲಿ ಹೊರತಂದ ಡಿಟಿ 48 ಈ ಬಗೆಯ ಆರಂಭಿಕ ಹೆಡ್‌ಫೋನಾಗಿದ್ದು, ಹಲವು ದಶಕಗಳ ಕಾಲ ತಯಾರಿಕೆಯಲ್ಲಿ ಉಳಿಯಿತು. 1958ರಲ್ಲಿ ಅಮೆರಿಕದ ಮಿಲ್ವಾಕಿಯ ಜಾನ್‌ ಕಾಸ್‌ ಎಸ್‌ಪಿ/3 ಎಂಬ ಸ್ಟೀರಿಯೋ ಹೆಡ್‌ಫೋನನ್ನು ಪ್ರದರ್ಶಿಸಿದ ಮೇಲೆ ಮನೆಯಲ್ಲಿ ಸ್ಟೀರಿಯೋ ಸಂಗೀತ ಕೇಳುವವರಿಗೂ ಈ ಸಾಧನ ದೊರೆಯತೊಡಗಿತು.

ಈ ಹಂತದಲ್ಲಿ ಕ್ಲೋಸ್ಡ್‌-ಬ್ಯಾಕ್‌, ಅಂದರೆ ಕಿವಿಯ ಬಟ್ಟಲಿನ ಹಿಂಬದಿಯನ್ನು ಪೂರ್ತಿ ಮುಚ್ಚಿದ ವಿನ್ಯಾಸದ ಒಂದು ಮೂಲಭೂತ ಇಕ್ಕಟ್ಟು ಸ್ಪಷ್ಟವಾಯಿತು. ಹೊರಗಿನ ಸದ್ದು ಒಳಗೆ ಬರದಂತೆ ಮತ್ತು ಒಳಗಿನ ಸದ್ದು ಮೈಕ್ರೊಫೋನಿಗೆ ಸೋರದಂತೆ ತಡೆಯಲು ಬಟ್ಟಲು ಕಿವಿಯ ಸುತ್ತ ಬಿಗಿಯಾಗಿ ಕೂರಬೇಕು. ಕನ್ನಡಕದ ಕಡ್ಡಿಯಿಂದಾಗುವ ಸಣ್ಣ ಸಂದೂ ಮಂದ್ರಧ್ವನಿಯನ್ನು ಸೋರಿಸಿ ಸಪ್ಪೆಯಾಗಿಸುತ್ತದೆ. ಆದರೆ ಬಿಗಿ ಹೆಚ್ಚಿದಷ್ಟೂ ನೋವು ಮತ್ತು ಸೆಕೆ ಹೆಚ್ಚುತ್ತವೆ. ಕಾಸ್‌ ಸಂಸ್ಥೆ 1970ರ ಪ್ರೋ4ಎಎ ಮಾದರಿಯಲ್ಲಿ ದ್ರವ ತುಂಬಿದ ಮೆತ್ತೆಗಳನ್ನು ಬಳಸಿ ಸಂದುಗಳನ್ನು ಮುಚ್ಚಿತಾದರೂ, ಅದರ ತೂಕ ಸುಮಾರು ಅರ್ಧ ಕಿಲೋಗ್ರಾಂ ಆಯಿತು. ಇದಕ್ಕೆ ಎರಡು ವರ್ಷ ಮೊದಲೇ, 1968ರಲ್ಲಿ, ಜರ್ಮನಿಯ ಸೆನ್‌ಹೈಸರ್‌ ಸಂಸ್ಥೆ ಹಿಂಬದಿ ತೆರೆದ ಎಚ್‌ಡಿ 414 ಅನ್ನು ಹೊರತಂದು, ಕೇವಲ 135 ಗ್ರಾಂ ಆಸುಪಾಸಿನ ತೂಕದಲ್ಲಿ ಗಾಳಿಯಾಡುವ ಹಿತವನ್ನು ತೋರಿಸಿಕೊಟ್ಟಿತ್ತು; ಆದರೆ ಸದ್ದನ್ನು ತಡೆಯದ ಆ ವಿನ್ಯಾಸ ಧ್ವನಿಮುದ್ರಣದ ಕೋಣೆಗೆ ಒಗ್ಗುವಂತಿರಲಿಲ್ಲ.

ಹಗುರತನ ಮತ್ತು ಮುಚ್ಚಿಗೆಗಳನ್ನು ಒಂದುಗೂಡಿಸುವ ಪ್ರಯತ್ನ 1980ರ ದಶಕದಿಂದ ಫಲ ನೀಡತೊಡಗಿತು. 1985ರಲ್ಲಿ ಬಂದ ಸೋನಿಯ ಎಂಡಿಆರ್‌-ವಿ6, ಅದರ ನಂತರ 1991ರಲ್ಲಿ ಬಂದ ಎಂಡಿಆರ್‌-7506, ಹಾಗೂ ಬೇಯರ್‌ಡೈನಮಿಕ್‌ ಎಂದು ಹೆಸರಾದ ಅದೇ ಬೇಯರ್‌ ಸಂಸ್ಥೆಯ ಡಿಟಿ 770 ಇವೇ ಇದಕ್ಕೆ ಸಾಕ್ಷಿ. 7506ರ ತೂಕ ಕೇಬಲ್‌ ಬಿಟ್ಟು 230 ಗ್ರಾಂ, ಡಿಟಿ 770 ಪ್ರೋ ಮಾದರಿಯದು ಸುಮಾರು 270 ಗ್ರಾಂ. ಎರಡನೆಯದರ ದುಂಡನೆಯ ದೊಡ್ಡ ಮೆತ್ತೆ ಹಾಲೆಯನ್ನು ಮುಟ್ಟದೆ ಕಿವಿಯನ್ನು ಪೂರ್ತಿ ಒಳಗಿಟ್ಟುಕೊಂಡು, ಒತ್ತಡವನ್ನು ಸುತ್ತಲಿನ ಮೂಳೆಯ ಭಾಗದ ಮೇಲೆ ಹರಡುತ್ತದೆ. ಅದರ ಹೊದಿಕೆಯಾದ ವೆಲೂರ್‌, ಅಂದರೆ ಮಖಮಲ್ಲಿನಂಥ ಬಟ್ಟೆ, ಕೃತಕ ಚರ್ಮಕ್ಕಿಂತ ಕಡಿಮೆ ಬೆವರಿಸುತ್ತದೆ. ಸ್ಟುಡಿಯೋಗಳಿಗಾಗಿ ಮಾಡಿದ ಈ ಮಾದರಿಗಳು ದಶಕಗಳ ಕಾಲ ಹೆಚ್ಚು ಬದಲಾಗದೆ ತಯಾರಾಗುತ್ತ ಬಂದುದರಿಂದ ಅವುಗಳ ಬೆಲೆ ಮಧ್ಯಮ ವರ್ಗದ ಕೈಗೆಟುಕುವಂತಾಯಿತು, ಮೆತ್ತೆಗಳೂ ಬಿಡಿಯಾಗಿ ಸಿಗುವಂತಾದವು.

ಮೆತ್ತೆ ಬದಲಿಸಲು ಬರುವುದು ಕರ್ನಾಟಕದ ಕೇಳುಗರಿಗೆ, ಅದರಲ್ಲೂ ಕರಾವಳಿಯವರಿಗೆ, ಸಣ್ಣ ಸಂಗತಿಯಲ್ಲ. ಗಾಳಿಯ ತೇವಾಂಶ ಪಾಲಿಯುರೆಥೇನ್‌ ಕೃತಕ ಚರ್ಮವನ್ನು ಕ್ರಮೇಣ ಒಡೆಯುವುದರಿಂದ ಅದು ಹೊಪ್ಪಳೆಯೆದ್ದು ಉದುರುತ್ತದೆ, ಮತ್ತು ಬಿಡಿಭಾಗ ಸಿಗದ ಮಾದರಿ ಧ್ವನಿಯಲ್ಲಿ ಸರಿಯಿದ್ದರೂ ತಲೆಗೇರಿಸಲಾಗದ ವಸ್ತುವಾಗುತ್ತದೆ. ಆದ್ದರಿಂದ ಮಧ್ಯಮ ಬೆಲೆಯಲ್ಲಿ ಕೊಳ್ಳುವವರು ಬಟ್ಟಲಿನೊಳಗೆ ಕಿವಿ ಪೂರ್ತಿ ಹಿಡಿಯುತ್ತದೆಯೇ, ತೂಕ 300 ಗ್ರಾಮಿನೊಳಗಿದೆಯೇ, ದಿನವೂ ಧರಿಸುವ ಕನ್ನಡಕದೊಂದಿಗೆ ಅರ್ಧ ಗಂಟೆ ಹಾಕಿಕೊಂಡರೂ ನೋವಾಗುವುದಿಲ್ಲವೇ, ಮೆತ್ತೆಗಳು ಬಿಡಿಯಾಗಿ ದೊರೆಯುತ್ತವೆಯೇ ಎಂಬ ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಉಚಿತ. ಇವು ಜಾಹೀರಾತಿನ ವಿಶೇಷಣಗಳಿಂದ ಹುಟ್ಟಿದ ಪ್ರಶ್ನೆಗಳಲ್ಲ. ನೂರು ವರ್ಷಗಳಿಗೂ ಮಿಕ್ಕಿ ಹೆಡ್‌ಫೋನು ಹೊತ್ತು ದುಡಿದವರ ಅನುಭವವೇ ಇವುಗಳನ್ನು ರೂಪಿಸಿದೆ, ಮತ್ತು ಬೆಲೆಯ ಪಟ್ಟಿಗಿಂತ ಆ ಅನುಭವವನ್ನು ಅಳತೆಗೋಲಾಗಿಸಿಕೊಂಡವರ ಆಯ್ಕೆ ಹೆಚ್ಚು ಕಾಲ ಬಾಳುತ್ತದೆ.