ಶೋಧಯಂತ್ರದ ಶ್ರೇಯಾಂಕ: ಓದುಗನ ಕ್ಲಿಕ್ಕಿಗೆ ಎಷ್ಟು ಬೆಲೆ?

ಅಂತರ್ಜಾಲದಲ್ಲಿ ಒಂದು ಪದವನ್ನು ಹುಡುಕಿದರೆ ಕ್ಷಣಾರ್ಧದಲ್ಲಿ ನೂರಾರು ಪುಟಗಳ ಪಟ್ಟಿ ಕಣ್ಣ ಮುಂದೆ ಬರುತ್ತದೆ. ಬಹುತೇಕರು ನೋಡುವುದು ಮೇಲಿನ ನಾಲ್ಕೈದನ್ನು ಮಾತ್ರ. ಹೀಗಾಗಿ ಯಾವ ಪುಟ ಮೊದಲು, ಯಾವುದು ನಂತರ ಎಂಬ ತೀರ್ಮಾನವು ವ್ಯಾಪಾರಿಗೆ ಗಿರಾಕಿಯನ್ನು, ಪತ್ರಿಕೆಗೆ ಓದುಗರನ್ನು, ರೋಗಿಗೆ ಸರಿಯಾದ ಸಲಹೆಯನ್ನು ಒದಗಿಸುವ ಇಲ್ಲವೇ ತಪ್ಪಿಸುವ ತೀರ್ಮಾನವೂ ಹೌದು. ಇದರಲ್ಲಿ ಹುಡುಕುವವರ ನಡವಳಿಕೆಗೂ ಪಾಲಿರಬೇಕೇ ಎಂಬುದು ಎರಡೂವರೆ ದಶಕಗಳಿಂದ ನಡೆದುಬಂದಿರುವ ಚರ್ಚೆ.

ಕೊಂಡಿಯಿಂದ ಕ್ಲಿಕ್ಕಿನವರೆಗೆ

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಸಂಶೋಧನಾ ವಿದ್ಯಾರ್ಥಿಗಳಾಗಿದ್ದ ಸರ್ಗೆ ಬ್ರಿನ್ ಮತ್ತು ಲ್ಯಾರಿ ಪೇಜ್ 1998ರಲ್ಲಿ ಪೇಜ್‌ರ‍್ಯಾಂಕ್ ಎಂಬ ವಿಧಾನವನ್ನು ಪ್ರಕಟಿಸಿದರು. ಒಂದು ಪುಟ ಮತ್ತೊಂದಕ್ಕೆ ನೀಡುವ ಕೊಂಡಿಯನ್ನು ಮತವೆಂದು ಎಣಿಸುವುದು, ಮತ ನೀಡಿದ ಪುಟದ ಮಹತ್ವಕ್ಕೆ ತಕ್ಕಂತೆ ಅದರ ತೂಕವನ್ನು ನಿರ್ಧರಿಸುವುದು ಅದರ ತಿರುಳು. ಇಲ್ಲಿ ಮತದಾನದ ಹಕ್ಕು ಪುಟ ರಚಿಸುವವರದು, ಓದುವವರದಲ್ಲ. ಅದೇ ವರ್ಷ ಆರಂಭವಾದ ಡೈರೆಕ್ಟ್ ಹಿಟ್ ಸಂಸ್ಥೆ ಬೇರೆ ದಾರಿ ಹಿಡಿಯಿತು. ಜನರು ಯಾವ ಫಲಿತಾಂಶವನ್ನು ಕ್ಲಿಕ್ಕಿಸುತ್ತಾರೆ, ಅಲ್ಲಿ ಎಷ್ಟು ಹೊತ್ತು ಉಳಿಯುತ್ತಾರೆ ಎಂಬುದರ ಆಧಾರದ ಮೇಲೆ ಅದು ಪಟ್ಟಿ ಸಿದ್ಧಪಡಿಸಿತು. 2000ದಲ್ಲಿ ಈ ಸಂಸ್ಥೆಯನ್ನು ಆಸ್ಕ್ ಜೀವ್ಸ್ ಖರೀದಿಸಿತು.

ನ್ಯಾಯಾಲಯದಲ್ಲಿ ಹೊರಬಿದ್ದ ಸಂಗತಿ

ಕ್ಲಿಕ್ಕು ನಂಬಲರ್ಹ ಸೂಚಕವಲ್ಲ ಎಂದೇ ಗೂಗಲ್ ಪ್ರತಿನಿಧಿಗಳು ಸಾರ್ವಜನಿಕವಾಗಿ ಹೇಳುತ್ತ ಬಂದಿದ್ದರು. ಆದರೆ ಅಮೆರಿಕ ಸರ್ಕಾರ ಹೂಡಿದ್ದ ಏಕಸ್ವಾಮ್ಯ ಮೊಕದ್ದಮೆಯಲ್ಲಿ ಕಂಪನಿಯ ಉಪಾಧ್ಯಕ್ಷ ಪಾಂಡು ನಾಯಕ್ 2023ರ ಅಕ್ಟೋಬರ್‌ನಲ್ಲಿ ಸಾಕ್ಷ್ಯ ನುಡಿದಾಗ ನ್ಯಾವ್‌ಬೂಸ್ಟ್ ಎಂಬ ವ್ಯವಸ್ಥೆಯ ವಿವರ ಬಯಲಾಯಿತು. ಹಿಂದಿನ 13 ತಿಂಗಳ ಅವಧಿಯಲ್ಲಿ ಯಾವ ಪ್ರಶ್ನೆಗೆ ಜನ ಯಾವ ಪುಟವನ್ನು ಆರಿಸಿದರು ಎಂಬುದನ್ನು ಇದು ನೆನಪಿಟ್ಟುಕೊಳ್ಳುತ್ತದೆ. 2024ರ ಮೇ ತಿಂಗಳಲ್ಲಿ ಸೋರಿಕೆಯಾದ ಗೂಗಲ್‌ನ ಆಂತರಿಕ ದಾಖಲೆಗಳಲ್ಲಿಯೂ ‘ಒಳ್ಳೆಯ ಕ್ಲಿಕ್ಕು’, ‘ಕೆಟ್ಟ ಕ್ಲಿಕ್ಕು’ ಎಂಬ ಅರ್ಥದ ಹೆಸರುಗಳು ಕಂಡುಬಂದವು. ಆದ್ದರಿಂದ ನಡವಳಿಕೆಯನ್ನು ಬಳಸಬೇಕೇ ಬೇಡವೇ ಎನ್ನುವುದಕ್ಕಿಂತ ಎಷ್ಟು ಬಳಸಬೇಕು, ಯಾವುದಕ್ಕೆ ಬಳಸಬೇಕು ಎಂಬುದೇ ಈಗ ಮುಖ್ಯ ಪ್ರಶ್ನೆಯಾಗಿದೆ.

ಪರವಾದ ವಾದ

ಕೊಂಡಿಗಳನ್ನು ಹಣ ಕೊಟ್ಟು ಹಾಕಿಸಿಕೊಳ್ಳಬಹುದು, ಪುಟದ ತುಂಬ ಪದಗಳನ್ನು ತುರುಕಬಹುದು. ಆದರೆ ಓದಿದವರಿಗೆ ತೃಪ್ತಿಯಾಯಿತೇ ಎಂಬುದನ್ನು ಓದಿದವರ ನಡೆಯೇ ಹೇಳಬೇಕು. ಪುಟ ತೆರೆದ ಕೂಡಲೇ ಮರಳಿ ಪಟ್ಟಿಗೆ ಬಂದರೆ ಬೇಕಾದುದು ಸಿಗಲಿಲ್ಲವೆಂದೂ, ಕೊನೆಯದಾಗಿ ತೆರೆದ ಪುಟದಲ್ಲಿ ಹೆಚ್ಚು ಹೊತ್ತು ಉಳಿದರೆ ಸಿಕ್ಕಿತೆಂದೂ ಊಹಿಸಲು ಅವಕಾಶವಿದೆ. ‘ಕಾವೇರಿ’ ಎಂದು ಹುಡುಕಿದವರಿಗೆ ನದಿಯ ಇತಿಹಾಸ ಬೇಕೋ, ಜಲವಿವಾದದ ಸುದ್ದಿ ಬೇಕೋ, ಆಸ್ತಿ ನೋಂದಣಿಯ ಕಾವೇರಿ ತಂತ್ರಾಂಶ ಬೇಕೋ? ಬಹುಜನರ ಆಯ್ಕೆಯನ್ನು ಗಮನಿಸದೆ ಯಂತ್ರಕ್ಕೆ ಇದು ತಿಳಿಯುವುದು ಕಷ್ಟ.

ತೊಡಕುಗಳು

ಮೊದಲ ತೊಡಕು ಸ್ಥಾನಬಲ. ಕಾರ್ನೆಲ್ ವಿಶ್ವವಿದ್ಯಾಲಯದ ಥಾರ್ಸ್ಟೆನ್ ಯೋಆಕಿಮ್ಸ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮೊದಲೆರಡು ಫಲಿತಾಂಶಗಳನ್ನು ಅದಲುಬದಲು ಮಾಡಿ ತೋರಿಸಲಾಗಿತ್ತು. ಆಗಲೂ ಮೇಲಿದ್ದುದಕ್ಕೇ ಹೆಚ್ಚು ಕ್ಲಿಕ್ಕು ಬಿದ್ದಿತು. ಮೇಲಿರುವುದರಿಂದ ಕ್ಲಿಕ್ಕು, ಕ್ಲಿಕ್ಕು ಬಿದ್ದುದರಿಂದ ಮತ್ತೆ ಮೇಲೆ ಎಂಬ ಈ ಚಕ್ರದಲ್ಲಿ ಹೊಸ ಪುಟಕ್ಕೆ ಪ್ರವೇಶ ಸಿಗುವುದು ದುಸ್ತರ.

ಎರಡನೆಯದು ವಂಚನೆ. ಕೃತಕ ಕ್ಲಿಕ್ಕುಗಳನ್ನು ಸೃಷ್ಟಿಸುವ ತಂತ್ರಾಂಶಗಳೂ ಕೂಲಿಗೆ ಕ್ಲಿಕ್ಕಿಸುವವರೂ ಹುಟ್ಟಿಕೊಂಡರು. ರಷ್ಯಾದ ಯಾಂಡೆಕ್ಸ್ 2011ರಷ್ಟು ಹಿಂದೆಯೇ ಇಂತಹ ತಾಣಗಳ ವಿರುದ್ಧ ಕ್ರಮಕ್ಕೆ ಮುಂದಾಗಬೇಕಾಯಿತು.

ಮೂರನೆಯದು, ಕ್ಲಿಕ್ಕು ಒಪ್ಪಿಗೆಯ ಗುರುತಲ್ಲ. 2021ರ ಜೂನ್‌ನಲ್ಲಿ ಭಾರತದ ಕುರೂಪಿ ಭಾಷೆ ಯಾವುದೆಂಬ ಪ್ರಶ್ನೆಗೆ ಗೂಗಲ್ ಕನ್ನಡದ ಹೆಸರು ತೋರಿಸಿದ್ದು ನಾಡಿನಾದ್ಯಂತ ಆಕ್ರೋಶಕ್ಕೆ ಕಾರಣವಾಗಿತ್ತು. ಅಂದಿನ ಕನ್ನಡ ಮತ್ತು ಸಂಸ್ಕೃತಿ ಸಚಿವ ಅರವಿಂದ ಲಿಂಬಾವಳಿ ಕಾನೂನು ಕ್ರಮದ ಎಚ್ಚರಿಕೆ ನೀಡಿದರು. ಕಂಪನಿ ಕ್ಷಮೆ ಕೋರಿ ಉತ್ತರವನ್ನು ತೆಗೆದುಹಾಕಿತು. ಇಂತಹ ಪುಟವನ್ನು ನಂಬಿದವನೂ ತೆರೆಯುತ್ತಾನೆ, ಸಿಟ್ಟಿಗೆದ್ದವನೂ ತೆರೆಯುತ್ತಾನೆ. ಎಣಿಕೆಯಲ್ಲಿ ಇಬ್ಬರದೂ ಒಂದೇ.

ನಾಲ್ಕನೆಯದು ಖಾಸಗಿತನ. ನಡವಳಿಕೆಯನ್ನು ಅಳೆಯಬೇಕಾದರೆ ದಾಖಲಿಸಲೇಬೇಕು. 2006ರ ಆಗಸ್ಟ್‌ನಲ್ಲಿ ಎಒಎಲ್ ಸಂಸ್ಥೆ ಸುಮಾರು 6.5 ಲಕ್ಷ ಬಳಕೆದಾರರ ಹುಡುಕಾಟಗಳನ್ನು ಹೆಸರು ತೆಗೆದು ಬಿಡುಗಡೆ ಮಾಡಿತು. ಆದರೂ ಹುಡುಕಿದ ಪದಗಳಿಂದಲೇ ಪತ್ರಕರ್ತರು ಒಬ್ಬರ ಗುರುತು ಪತ್ತೆಹಚ್ಚಿದರು.

ಉಳ್ಳವರಿಗೆ ಮತ್ತಷ್ಟು

ಗೂಗಲ್‌ನ 13 ತಿಂಗಳ ಬಳಕೆದಾರ ದತ್ತಾಂಶವು ಮೈಕ್ರೋಸಾಫ್ಟ್‌ನ ಬಿಂಗ್‌ಗೆ 17 ವರ್ಷಗಳಿಗೂ ಹೆಚ್ಚು ಕಾಲದಲ್ಲಿ ಸಿಗುವಷ್ಟಿದೆ ಎಂದು ನ್ಯಾಯಾಧೀಶ ಅಮಿತ್ ಮೆಹ್ತಾ 2024ರ ಆಗಸ್ಟ್ 5ರ ತೀರ್ಪಿನಲ್ಲಿ ದಾಖಲಿಸಿದರು. ಕಂಪನಿಯು ಕಾನೂನುಬಾಹಿರವಾಗಿ ಏಕಸ್ವಾಮ್ಯ ಉಳಿಸಿಕೊಂಡಿದೆ ಎಂಬುದು ಅವರ ನಿರ್ಣಯ. ಕೆಲವು ದತ್ತಾಂಶಗಳನ್ನು ಅರ್ಹ ಪ್ರತಿಸ್ಪರ್ಧಿಗಳೊಡನೆ ಹಂಚಿಕೊಳ್ಳಬೇಕೆಂದು 2025ರ ಸೆಪ್ಟೆಂಬರ್‌ನಲ್ಲಿ ಅವರೇ ಆದೇಶಿಸಿದರು. ಭಾಷೆಗಳ ವಿಷಯದಲ್ಲಿಯೂ ಇದೇ ತರ್ಕ ಅನ್ವಯಿಸುತ್ತದೆ. ಅಪರೂಪಕ್ಕೆ ಕೇಳಲಾಗುವ ಪ್ರಶ್ನೆಗೆ ಬೀಳುವ ಕ್ಲಿಕ್ಕುಗಳು ಕಡಿಮೆ. ಇಂಗ್ಲಿಷಿಗೆ ಹೋಲಿಸಿದರೆ ಕನ್ನಡದಲ್ಲಿ ಇಂತಹ ಪ್ರಶ್ನೆಗಳೇ ಹೆಚ್ಚು. ಅಲ್ಲಿ ಬೆರಳೆಣಿಕೆಯ ಕ್ಲಿಕ್ಕುಗಳೂ ಪಟ್ಟಿಯನ್ನು ಏರುಪೇರು ಮಾಡಬಲ್ಲವು.

ಮಿತಿ ಎಲ್ಲಿ?

ಜನರಿಗೆ ಏನು ಬೇಕಾಗಿತ್ತು ಎಂಬುದಕ್ಕೆ ನಡವಳಿಕೆ ಒಳ್ಳೆಯ ಸಾಕ್ಷಿ. ದೊರೆತ ಮಾಹಿತಿ ನಿಜವೇ ಎಂಬುದಕ್ಕೆ ಅದು ಸಾಕ್ಷಿಯೇ ಅಲ್ಲ. ಬಸ್ಸಿನ ವೇಳಾಪಟ್ಟಿ ಹುಡುಕುವಾಗ ಬಹುಜನರ ಆಯ್ಕೆಗೆ ಬೆಲೆ ಕೊಡುವುದು ಸರಿ. ಔಷಧ, ಕಾನೂನು, ಚುನಾವಣೆಯಂತಹ ವಿಷಯಗಳಲ್ಲಿ ಬರೆದವರ ಅರ್ಹತೆ ಮತ್ತು ಮಾಹಿತಿಯ ಮೂಲಕ್ಕೇ ಮೊದಲ ಮನ್ನಣೆ ಸಲ್ಲಬೇಕು. ಕ್ಲಿಕ್ಕಿಗೆ ಸಾಕ್ಷಿಯ ಸ್ಥಾನ ಉಚಿತ, ನ್ಯಾಯಾಧೀಶನ ಸ್ಥಾನವಲ್ಲ. ಆ ಸಾಕ್ಷ್ಯವನ್ನು ಎಷ್ಟರಮಟ್ಟಿಗೆ ಪರಿಗಣಿಸಲಾಗುತ್ತಿದೆ ಎಂಬುದನ್ನು ತಿಳಿಯಲು ಬಳಕೆದಾರರು ಮೊಕದ್ದಮೆಯೊಂದರ ವಿಚಾರಣೆಗೆ ಕಾಯಬೇಕಾದ ಸ್ಥಿತಿ ಇರಬಾರದು.