ದಕ್ಷಿಣ ಕನ್ನಡದ ಕಥೋಲಿಕ ಕ್ರೈಸ್ತರ ಜೀವನವೃತ್ತಿಗಳು

ನಮ್ಮ ಜಿಲ್ಲೆಯ ಕಥೋಲಿಕ ಕ್ರೈಸ್ತರ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಎರಡು ಸಂಗತಿಗಳನ್ನೇ ಹಿಡಿದು ಬರೆದಿರುವರು. ಒಂದು, ಅವರ ಪೂರ್ವಿಕರು ಗೋವೆಯಿಂದ ವಲಸೆ ಬಂದುದು. ಇನ್ನೊಂದು, ಟಿಪ್ಪೂ ಸುಲ್ತಾನನು ಅವರನ್ನು ಶ್ರೀರಂಗಪಟ್ಟಣಕ್ಕೆ ಸೆರೆಯೊಯ್ದುದು. ಇವೆರಡೂ ಮಹತ್ತ್ವದ ಸಂಗತಿಗಳೇ ಸರಿ. ಆದರೆ ಒಂದು ಜನಸಮುದಾಯವು ಈ ನೆಲದಲ್ಲಿ ಏನನ್ನು ಬಿತ್ತಿತು, ಏನನ್ನುಂಡಿತು, ಯಾವ ಕಸುಬಿನಿಂದ ಮಕ್ಕಳನ್ನು ಸಾಕಿತು ಎಂಬುದನ್ನರಿಯದೆ ಅದರ ಚರಿತ್ರೆಯನ್ನು ಬಲ್ಲೆವೆಂದು ಹೇಳುವುದು, ಗೋತ್ರಪ್ರವರಗಳನ್ನು ಮಾತ್ರ ಕೇಳಿ ನೆರೆಯವನನ್ನು ಬಲ್ಲೆನೆಂದು ಹೇಳಿದಂತಾಗುವುದು. ಆದಕಾರಣ ಈ ಜನರ ನಿತ್ಯಜೀವನವನ್ನೂ ವೃತ್ತಿಗಳನ್ನೂ ವಾಚಕರ ಮುಂದಿಡಲು ಇಲ್ಲಿ ಯತ್ನಿಸಿದೆ.

ಗೋವೆಯಲ್ಲಿ 1560ರಲ್ಲಿ ಸ್ಥಾಪಿತವಾದ ಮತವಿಚಾರಣೆಯ ನ್ಯಾಯಸ್ಥಾನದ ಕಾಠಿನ್ಯ, ಆಗಾಗ ಬಿದ್ದ ಕ್ಷಾಮ, 1683ರಲ್ಲಿ ಸಂಭಾಜಿಯ ಸೈನ್ಯದ ದಾಳಿ, ಇವೇ ಮೊದಲಾದ ಕಾರಣಗಳಿಂದ ಕೊಂಕಣಿ ಮಾತಿನ ಕುಟುಂಬಗಳು ತಂಡತಂಡವಾಗಿ ದಕ್ಷಿಣಕ್ಕೆ ಇಳಿದುಬಂದುವು. ಆಗ ಈ ಕರಾವಳಿಯು ಕೆಳದಿಯ ಅರಸರ ಅಧೀನದಲ್ಲಿದ್ದಿತು. ಉಳುವ ಕೈಗಳು ಬೇಕಾಗಿದ್ದ ಆ ಅರಸರು ಬಂದವರ ಮತವನ್ನು ಕೇಳಲಿಲ್ಲ. ಬೇಸಾಯದ ನೈಪುಣ್ಯವನ್ನು ಕೇಳಿದರು. ಮಂಗಳೂರಿನ ಮಿಲಾಗ್ರಿಸ್ ಇಗರ್ಜಿಯು 1680ರಲ್ಲಿ ಬಿಷಪ್ ಥಾಮಸ್ ದೆ ಕಾಸ್ತ್ರೋರವರಿಂದ ಸ್ಥಾಪಿತವಾದಾಗ ಅದಕ್ಕೆ ಭೂಮಿಯನ್ನಿತ್ತವಳು ವೀರಶೈವ ರಾಜಮನೆತನದ ರಾಣಿ ಚೆನ್ನಮ್ಮಾಜಿ ಎಂಬುದು ಸ್ಮರಣೀಯವಾಗಿದೆ. ‘ಇಗರ್ಜಿ’ ಎಂಬ ಶಬ್ದವು ಪೋರ್ತುಗೀಸ್ ಭಾಷೆಯದು. ಅದರೊಡನೆಯೇ ಮೇಜು, ಚಾವಿ, ಅನಾನಸು ಮುಂತಾದ ಪದಗಳೂ ನಮ್ಮ ಮನೆಗಳನ್ನು ಹೊಕ್ಕು, ಇಂದು ಯಾರೂ ಅವನ್ನು ಪರಕೀಯವೆಂದು ಭಾವಿಸರು.

1784ರಲ್ಲಿ ಟಿಪ್ಪುವಿನ ಆಜ್ಞೆಯಿಂದ ಇಗರ್ಜಿಗಳು ನೆಲಸಮವಾದುವು. ಸಹಸ್ರಾರು ಮಂದಿ ಘಟ್ಟವನ್ನು ಹತ್ತಿಸಲ್ಪಟ್ಟು ಶ್ರೀರಂಗಪಟ್ಟಣವನ್ನು ಸೇರಿದರು. 1799ರಲ್ಲಿ ಆ ಪಟ್ಟಣವು ಪತನವಾದ ಮೇಲೆ ಬದುಕಿ ಉಳಿದವರಲ್ಲಿ ಬಹುಜನರು ಹಿಂದಿರುಗಿದರು. ಅದೇ ವರ್ಷ ಥಾಮಸ್ ಮನ್ರೋ ಈ ಜಿಲ್ಲೆಗೆ ಕಲೆಕ್ಟರನಾಗಿ ಬಂದನು. ಹಿಂದಿರುಗಿದವರಲ್ಲಿ ಕೆಲವರಿಗೆ ತಮ್ಮ ಭೂಮಿ ಮರಳಿ ದೊರೆಯಿತು, ಅನೇಕರಿಗೆ ದೊರೆಯಲಿಲ್ಲ. ಹದಿನೈದು ವರ್ಷಗಳಲ್ಲಿ ಅನ್ಯರು ಉತ್ತು ಬೆಳೆದ ನೆಲವನ್ನು ಬಿಡಿಸಿಕೊಳ್ಳುವುದು ಸುಲಭಸಾಧ್ಯವಲ್ಲವಷ್ಟೆ. ಹೀಗೆ ಒಡೆಯರಾಗಿದ್ದವರು ಎಷ್ಟೋ ಮಂದಿ ಒಕ್ಕಲಾದರು. ಸೆರೆಯ ದುಃಖವನ್ನು ವರ್ಣಿಸುವವರು ಬಿಟ್ಟುಬಿಡುವ ಈ ಎರಡನೆಯ ದುಃಖವೇ ಮುಂದಿನ ನೂರೈವತ್ತು ವರ್ಷಗಳ ಜೀವನಕ್ರಮವನ್ನು ಬಹುವಾಗಿ ರೂಪಿಸಿತೆಂದು ನನ್ನ ಮತ.

ಹಳ್ಳಿಯ ಕ್ರೈಸ್ತನು ಮೊದಲಾಗಿ ಕೃಷಿಕನು. ಮೂಲಗೇಣಿ ಪಡೆದವನಿಗೆ ಭೂಮಿಯು ವಂಶಪಾರಂಪರ್ಯವಾಗಿ ನಿಲ್ಲುತ್ತಿದ್ದಿತು. ಚಾಲಗೇಣಿಯವನು ಧಣಿಯ ಇಚ್ಛೆಯಿರುವವರೆಗೆ ಮಾತ್ರ ಉಳುವವನು. ಏಣೆಲು, ಸುಗ್ಗಿ, ಕೊಳಕೆ ಎಂಬ ಮೂರು ಬೆಳೆಗಳ ಲೆಕ್ಕದಲ್ಲಿ ಅವನ ವರ್ಷವು ನಡೆಯುತ್ತಿದ್ದಿತು. ತಗ್ಗಿನ ಬಯಲುಗದ್ದೆಗಳು ಮೊದಲೇ ಪರಾಧೀನವಾಗಿದ್ದೆಡೆಗಳಲ್ಲಿ ಅವನು ಗುಡ್ಡದ ಇಳಿಜಾರನ್ನು ಕಡಿದು ಸಮಮಾಡಿ, ತೆಂಗು ಕಂಗುಗಳನ್ನು ನೆಟ್ಟನು. ಮನೆಯ ಹಿಂದೆ ಹಂದಿ ಕೋಳಿಗಳು, ಮುಂದೆ ಹೂವಿನ ಗಿಡಗಳು. ಉಡುಪಿಯ ಬಳಿಯ ಶಂಕರಪುರದಲ್ಲಿ ಈ ಹೂವಿನ ಗಿಡವೇ ಒಂದು ವೃತ್ತಿಯಾಗಿ ಬೆಳೆದುದನ್ನು ನೋಡಿರಿ. ಅಲ್ಲಿಯ ಕ್ರೈಸ್ತ ಕುಟುಂಬಗಳ ಹೆಂಗಸರು ಮುಂಜಾವದಲ್ಲಿ ಮಲ್ಲಿಗೆಯ ಮೊಗ್ಗನ್ನು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಚೆಂಡು ಅಟ್ಟೆಗಳ ಲೆಕ್ಕದಲ್ಲಿ ಮಾರುವರು. ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಆ ಹೂವು ದೇವಾಲಯಗಳನ್ನೂ ಭೂತಸ್ಥಾನಗಳನ್ನೂ ಮದುವೆಯ ಚಪ್ಪರಗಳನ್ನೂ ಸೇರುವುದು. ಬೆಳೆದವರ ಮತ ಯಾವುದೆಂದು ಹೂವನ್ನು ಯಾರೂ ಕೇಳುವುದಿಲ್ಲ.

ದಿನದ ಕಾಲಮಾನವು ಇಗರ್ಜಿಯ ಗಂಟೆಯದು. ಪ್ರಾತಃಕಾಲ, ಮಧ್ಯಾಹ್ನ, ಸಾಯಂಕಾಲ ಗಂಟೆ ಕೇಳಿದಾಗ ಗದ್ದೆಯಲ್ಲಿದ್ದವನೂ ಒಂದು ಕ್ಷಣ ಕೆಲಸ ನಿಲ್ಲಿಸಿ ಪ್ರಾರ್ಥಿಸುವನು. ರಾತ್ರಿ ಊಟಕ್ಕೆ ಮೊದಲು ಮನೆಮಂದಿಯೆಲ್ಲ ಮಂಡಿಯೂರಿ ಜಪಸರ ಹಿಡಿದು ಕುಳಿತ ಮೇಲೆ, ಕಿರಿಯರು ಹಿರಿಯರ ಆಶೀರ್ವಾದವನ್ನು ಬೇಡುವರು. ಊರಿನ ಸಮುದಾಯವನ್ನು ವಾಳೆಗಳಾಗಿ ವಿಂಗಡಿಸಿ, ಒಂದೊಂದಕ್ಕೂ ಒಬ್ಬ ಗುರಿಕಾರನಿರುವನು. ಮದುವೆಯ ವೀಳ್ಯ, ಮರಣದ ಏರ್ಪಾಡು, ನೆರೆಹೊರೆಯ ಜಗಳ, ಇಗರ್ಜಿಯ ವಂತಿಗೆ, ಎಲ್ಲಕ್ಕೂ ಅವನ ಮಾತು ಬೇಕಾಗಿದ್ದಿತು. ಪಾದ್ರಿಯ ಹೆಸರು ಪರದೇಶದಿಂದ ಬಂದುದು. ಗುರಿಕಾರನ ಹೆಸರಾದರೋ ತುಳುನಾಡಿನ ಇತರ ಜಾತಿಗಳ ಮುಖ್ಯಸ್ಥನಿಗೂ ಇರುವ ಹೆಸರೇ. ಸೆಪ್ಟೆಂಬರ್ 8ರ ಮೊಂತಿ ಹಬ್ಬದಲ್ಲಿ ಮಕ್ಕಳು ಮರಿಯಮ್ಮನವರಿಗೆ ಹೂವನ್ನರ್ಪಿಸುವರು. ಹೊಸ ತೆನೆಗಳು ಇಗರ್ಜಿಯಲ್ಲಿ ಮಂತ್ರಿತವಾಗಿ ಮನೆಗೆ ಬರುವುವು. ಅಂದು ಮಾಂಸವಿಲ್ಲದ ಊಟ. ನಮ್ಮ ಹೊಸ್ತಿನ ಹಬ್ಬವನ್ನು ಬಲ್ಲವರಿಗೆ ಇದರ ಭಾವವನ್ನು ವಿವರಿಸಬೇಕಾಗಿಲ್ಲ. ಮದುವೆಯ ಮುನ್ನಾದಿನ ವಧೂವರರಿಗೆ ತೆಂಗಿನ ಹಾಲನ್ನೆರೆವ ‘ರೋಸ್’ ಎಂಬ ಶಾಸ್ತ್ರವೂ ಈ ಬಗೆಯದೇ.

ಗುಣವನ್ನು ಮಾತ್ರ ಹೇಳಿ ದೋಷವನ್ನು ಮರೆಮಾಚುವುದು ಚರಿತ್ರಕಾರನಿಗೆ ಉಚಿತವಲ್ಲ. ಬಾಮಣ, ಚಾರೊಡಿ, ಸುದಿರ್ ಎಂಬ ಭೇದಗಳು ಗೋವೆಯಿಂದಲೇ ಇವರ ಬೆನ್ನಹಿಂದೆ ಬಂದು, ಮದುವೆಯ ಸಂಬಂಧಗಳಲ್ಲಿ ಬಹುಕಾಲ ನಿಂತುವು. ಜ್ಞಾನಸ್ನಾನದ ನೀರೂ ತೊಳೆಯಲಾರದ ಈ ಕೊಳೆ ನಮ್ಮೆಲ್ಲರ ಸಾಮಾನ್ಯ ಸೊತ್ತೆಂದು ಹೇಳಬೇಕಾಗಿದೆ.

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಹೊಸ ವೃತ್ತಿಗಳು ತೆರೆದುವು. 1865ರಲ್ಲಿ ಬಾಸೆಲ್ ಮಿಶನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯನ್ನು ಆರಂಭಿಸಿದ ತರುವಾಯ ಕಥೋಲಿಕ ವರ್ತಕರೂ ಆ ಉದ್ಯಮಕ್ಕೆ ಕೈಹಾಕಿದರು. ಘಟ್ಟದ ಮೇಲಿನ ಕಾಫಿಯನ್ನು ಹದಮಾಡಿ ಹಡಗಿಗೇರಿಸುವ ಕೆಲಸದಿಂದ ಕೆಲವರು ಧನಿಕರಾದರು, ಬಹುಜನ ಬಡ ಹೆಂಗಸರು ದಿನಗೂಲಿಯನ್ನು ಕಂಡರು. 1870ರಲ್ಲಿ ಬಂದ ಅಪೊಸ್ತಲಿಕ ಕಾರ್ಮೆಲ್ ಸಭೆಯ ಸನ್ಯಾಸಿನಿಯರು ಹುಡುಗಿಯರಿಗೆ ವಿದ್ಯೆ ಕಲಿಸಿ, ಉಪಾಧ್ಯಾಯಿನಿಯ ವೃತ್ತಿಗೆ ಹಾದಿಮಾಡಿದರು. 1878ರ ಕೊನೆಯ ದಿನ ಕಾಲಿಟ್ಟ ಜೆಸ್ವಿತ ಪಾದ್ರಿಗಳು 1880ರಲ್ಲಿ ಸಂತ ಅಲೋಶಿಯಸ್ ಕಾಲೇಜನ್ನು ತೆರೆದರು; ಅವರಲ್ಲೊಬ್ಬರಾದ ಫಾದರ್ ಆಗಸ್ಟಸ್ ಮುಲ್ಲರರು ಅದೇ ವರ್ಷ ಬಡವರಿಗಾಗಿ ತೊಡಗಿದ ಹೋಮಿಯೋಪತಿ ಔಷಧಾಲಯವು ಕಂಕನಾಡಿಯ ದೊಡ್ಡ ಆಸ್ಪತ್ರೆಯಾಗಿ ಬೆಳೆಯಿತು. ಜೆಪ್ಪುವಿನ ಕೈಗಾರಿಕಾ ಶಾಲೆಯಲ್ಲಿ ಅನಾಥರು ಮರಗೆಲಸವನ್ನು ಕಲಿತರು. ಗುಮಾಸ್ತೆ, ವಕೀಲ, ದಾದಿ, ದರ್ಜಿ, ಬಡಗಿ ಎಂಬ ಹೆಸರುಗಳು ಒಕ್ಕಲಿನ ಮನೆಗಳನ್ನು ಹೊಕ್ಕುವು.

ಇಲ್ಲಿ ಒಂದು ಶಬ್ದವಿಚಾರ. ‘ವೃತ್ತಿ’ಯೆಂದರೆ ಸಂಸ್ಕೃತದಲ್ಲಿ ಬಾಳುವ ಬಗೆ, ಜೀವನೋಪಾಯ. ಆದರೆ ಮನೆಯ ಮಗನು ಪಾದ್ರಿಯಾಗಲು ಹೊರಟಾಗ ಇವರು ಕೊಂಕಣಿಯಲ್ಲಿ ಅದನ್ನು ‘ಆಪವ್ಣೆಂ’, ಅಂದರೆ ಕರೆ, ಎನ್ನುವರು. ಮಂಗಳೂರಿನಲ್ಲಿ 1879ರಲ್ಲಿ ಸೆಮಿನರಿಯು ಸ್ಥಾಪಿತವಾದ ಮೇಲೆ ಈ ಕರೆಯನ್ನು ಕೇಳಿದವರ ಸಂಖ್ಯೆ ದೊಡ್ಡದು. ಗದ್ದೆ ಕಿರಿದಾಗಿ ಮಕ್ಕಳು ಹಲವರಾದ ಮನೆಗೆ ಈ ಕರೆಯು ಒಂದು ಆಸರೆಯೂ ಆಗಿದ್ದಿತೆಂದರೆ ಭಕ್ತಿಗೆ ಕುಂದಿಲ್ಲ.

ಇಂದು ಆ ಲೋಕವು ಬಹುವಾಗಿ ಕರಗಿದೆ. ಮೊದಲು ಮುಂಬಯಿಯ ದಾರಿ, 1970ರ ದಶಕದಿಂದ ಕೊಲ್ಲಿರಾಜ್ಯಗಳ ದಾರಿ. 1974ರ ಭೂಸುಧಾರಣೆಯ ಕಾನೂನು ಗೇಣಿಯನ್ನು ಅಳಿಸಿ ಒಕ್ಕಲನ್ನು ಮತ್ತೆ ಒಡೆಯನನ್ನಾಗಿ ಮಾಡಿತು. 1799ರಲ್ಲಿ ಬರಿಗೈಯಲ್ಲಿ ಬಂದವರ ಎಷ್ಟೋ ಸಂತತಿಗೆ ನೆಲವು ದೊರೆತುದು ಆಗಲೇ. ಅದನ್ನು ಉಳುವ ಮಕ್ಕಳು ಮಾತ್ರ ಅಷ್ಟರಲ್ಲಿಯೇ ಹಡಗು ವಿಮಾನಗಳನ್ನು ಏರತೊಡಗಿದ್ದರು.

ಹಳೆಯ ಇಗರ್ಜಿಗಳಲ್ಲಿ ಜ್ಞಾನಸ್ನಾನ, ವಿವಾಹ, ಮರಣಗಳ ದಾಖಲೆಪುಸ್ತಕಗಳಿರುವುವು. ಮನೆಗಳ ಪೆಟ್ಟಿಗೆಗಳಲ್ಲಿ ಗೇಣಿಚೀಟಿಗಳಿರುವುವು. ನಮ್ಮ ಕರಾವಳಿಯ ಮಳೆಗೂ ಗೆದ್ದಲಿಗೂ ಕಾಗದದ ಮೇಲೆ ದಯೆಯಿಲ್ಲ. ಶಿಲಾಶಾಸನಗಳನ್ನು ಓದಿಸಲು ನಾವು ತೋರುವ ಶ್ರದ್ಧೆಯಲ್ಲಿ ಅರ್ಧಾಂಶವನ್ನಾದರೂ ಇವುಗಳ ಕಡೆಗೆ ತೋರಿದರೆ, ಒಂದು ಸಮುದಾಯದ ಚರಿತ್ರೆಯೊಡನೆ ಜಿಲ್ಲೆಯ ಚರಿತ್ರೆಯೂ ಉಳಿದೀತು. ಆಯಾ ಊರಿನ ತರುಣರು ಆಯಾ ಊರಿನ ಪುಸ್ತಕವನ್ನು ಈ ಮಳೆಗಾಲಕ್ಕೆ ಮುಂಚೆಯೇ ಪ್ರತಿಮಾಡಿ ಇಡಲೆಂದು ಪ್ರಾರ್ಥನೆ.